ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗ್ತಿದೆ, ನೀರೂ ಕುಡಿಯಲ್ಲ

ಮಾಳಿಗೆಮನೆ:
ನಮ್ಮವನಿಗೆ ಸಂತಾನಹರಣದ ಆಪರೇಷನ್ ಆಗಿದೆ, ತೂಕ 5 ಕೆಜಿ. ಮರಿಯಿಂದಲೂ ಡ್ರೈ ಫುಡ್ ಮಾತ್ರ. ನಿನ್ನೆಯಿಂದ ಮಲಮೂತ್ರಕ್ಕೆ ಇಟ್ಟ ಮರಳಿನ ಟ್ರೇಗೆ ಹೋಗಿ ಕೂತು ತಿಣುಕುತ್ತಾನೆ, ಎದ್ದು ಹಿಂದೆ ನೆಕ್ಕಿಕೊಳ್ಳುತ್ತಾನೆ. ಬಟ್ಟಲಿನ ನೀರು ಇಟ್ಟ ಹಾಗೇ ಇರುತ್ತೆ. ಮಲಬದ್ಧತೆ ಇರಬಹುದಾ? ಹರಳೆಣ್ಣೆ ಕೊಡಲಾ?

ತುಂಬೆಗಿಡ:
ಬೇಡ. ಮೊದಲು ಟ್ರೇ ನೋಡಿ, ಮೂತ್ರಕ್ಕೆ ಮರಳು ಗಟ್ಟಿಕಟ್ಟಿದ ಉಂಡೆ ಇದೆಯಾ? ಹನಿಯೂ ಇಲ್ಲ ಅಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, ಈಗಲೇ ಹೊರಡಿ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಣ್ಣದು. ಅದು ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಕುತ್ತು. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಹನಿ ಹನಿ ಬರ್ತಿದ್ದರೂ ಇವತ್ತೇ ತೋರಿಸಿ. ನೋವಿಗೆ ಅಂತ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ.

ಮಾಳಿಗೆಮನೆ:
ತೋರಿಸಿಕೊಂಡು ಬಂದೆವು. ಪೂರ್ತಿ ಕಟ್ಟಿಲ್ಲ, ಪುಣ್ಯ. ಮೂತ್ರದಲ್ಲಿ ಸ್ಟ್ರುವೈಟ್ ಅನ್ನೋ ಖನಿಜದ ಹರಳು ಇದೆಯಂತೆ. ಅದನ್ನು ಕರಗಿಸುವ ಆಹಾರ ಬರೆದುಕೊಟ್ಟಿದ್ದಾರೆ, ಡ್ರೈ ಮತ್ತು ವೆಟ್ ಎರಡೂ. ನೀರು ಜಾಸ್ತಿ ಹೋಗಬೇಕು ಅಂದರು. ಇವನೋ ವೆಟ್ ಫುಡ್ ಮೂಸಿ, ಮಣ್ಣು ಮುಚ್ಚೋ ಥರ ನೆಲ ಕೆರೆದು ಹೋಗ್ತಾನೆ!

ಹಳ್ಳಿಹೈದ:
ನಮ್ಮಜ್ಜಿ ಮನೆ ಬೆಕ್ಕು ಹಾಲನ್ನ ತಿಂದುಕೊಂಡೇ ಗಟ್ಟಿಯಾಗಿತ್ತು. ಈ ಪ್ಯಾಕೆಟ್ ಗಲಾಟೆ ಎಲ್ಲ ಯಾಕೆ ಸ್ವಾಮಿ?

ತುಂಬೆಗಿಡ:
ಹೈದ ಅವರೇ, ನಿಮಗೆ ಕಂಡಿದ್ದು ಹಾಲನ್ನ. ಅಟ್ಟದ ಮೇಲೆ ಅದು ತಿಂದ ಇಲಿಗಳ ಲೆಕ್ಕ ಇಟ್ಟವರು ಯಾರು? ಇಲಿಯ ಮೈಯಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ನೀರೇ. ಊಟ, ನೀರು ಎರಡೂ ಅಲ್ಲೇ ಆಗುತ್ತಿತ್ತು. ಮನೆಯೊಳಗೇ ಇರುವ ಬೆಕ್ಕಿಗೆ ಆ ಇಲಿ ಎಲ್ಲಿಂದ ಬರಬೇಕು? ಹಾಲಂತೂ ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಜೀರ್ಣವಾಗದೆ ಭೇದಿ ಮಾಡಿಸುತ್ತೆ.

ಮಾಳಿಗೆಮನೆಯವರೇ, ಬೆಕ್ಕಿನ ಮೂಲ ಒಣನಾಡಿನ ಕಾಡುಬೆಕ್ಕು. ಬಾಯಾರಿಕೆ ಅದಕ್ಕೆ ಮೊದಲೇ ಕಮ್ಮಿ. ಕೆಜಿಗೆ ಸುಮಾರು 50 ಮಿಲಿ ಅಂದರೂ ನಿಮ್ಮವನಿಗೆ ದಿನಕ್ಕೆ 250 ಮಿಲಿ ಬೇಕು, ಊಟದಲ್ಲಿರುವ ನೀರೂ ಸೇರಿ. ಡ್ರೈ ಫುಡ್‌ನಲ್ಲಿ ನೀರಿರುವುದು ನೂರಕ್ಕೆ ಹತ್ತರಷ್ಟು. 60 ಗ್ರಾಂ ತಿಂದರೆ ಸಿಗುವುದು 6 ಮಿಲಿ! ವೆಟ್ ಫುಡ್‌ನಲ್ಲಿ ನೂರಕ್ಕೆ 75ರಿಂದ 80 ಇರುತ್ತೆ, 85 ಗ್ರಾಂ ಪೌಚ್ ಒಂದರಲ್ಲೇ 65 ಮಿಲಿ ಹತ್ತಿರ ಬಂತು. ಹಾಗಾಗಿ ಬಟ್ಟಲಿನ ಹಿಂದೆ ಬೀಳಬೇಡಿ, ತಟ್ಟೆಯಲ್ಲೇ ನೀರು ಸೇರಿಸಿ.

ಈಗ ತಿನ್ನುತ್ತಿರುವ ಡ್ರೈ ಫುಡ್ ಮೇಲೆ ಒಂದು ಚಮಚ ಬೆಚ್ಚನೆ ನೀರು ಹಾಕಿ. ಒಪ್ಪಿದರೆ ದಿನಾ ಸ್ವಲ್ಪ ಹೆಚ್ಚಿಸಿ. ವೆಟ್ ಫುಡ್ ಫ್ರಿಜ್‌ನಿಂದ ತೆಗೆದ ಹಾಗೇ ಇಟ್ಟರೆ ವಾಸನೆಯೇ ಬರಲ್ಲ, ಬಿಸಿನೀರಿನ ಬಟ್ಟಲಲ್ಲಿ ಪೌಚ್ ಇಟ್ಟು ಉಗುರುಬೆಚ್ಚಗೆ ಮಾಡಿ. ವಾರ ಹತ್ತು ದಿನ ಹಿಡಿಯಲಿ, ಅವಸರ ಬೇಡ. ಆದರೆ "ಹಸಿದರೆ ತಾನೇ ತಿನ್ನುತ್ತೆ" ಅಂತ ಉಪವಾಸ ಕೆಡವಬೇಡಿ. ಎರಡು ಮೂರು ದಿನ ತಿನ್ನದ ಬೆಕ್ಕಿಗೆ, ಅದರಲ್ಲೂ ದಪ್ಪಗಿರುವುದಕ್ಕೆ, ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳಬಹುದು.

ಚಿಕನ್ ಬೇಯಿಸಿದ ನೀರು ಹಾಕುವ ಆಸೆ ಇದ್ದರೆ ಡಾಕ್ಟರನ್ನು ಕೇಳಿಯೇ ಹಾಕಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಂತೂ ಬೇಡವೇ ಬೇಡ. ನೀರಿನ ಬಟ್ಟಲು ಅಗಲವಾಗಿರಲಿ, ಟ್ರೇಯಿಂದ ದೂರ ಇರಲಿ.

ಮಾಳಿಗೆಮನೆ:
ಬೆಚ್ಚಗೆ ಮಾಡಿದ್ದು ಕೆಲಸ ಮಾಡಿತು! ಮೊದಲು ಗೋಲಿಯಷ್ಟು ಬೀಳುತ್ತಿದ್ದ ಉಂಡೆ ಈಗ ದೊಡ್ಡದಾಗಿದೆ. ಹೊಸ ತಲೆನೋವು ಅಂದ್ರೆ ನಾಯಿ ಬಂದು ಅವನ ತಟ್ಟೆ ನೆಕ್ಕುತ್ತೆ, ಇವನು ಹೋಗಿ ನಾಯಿ ಊಟಕ್ಕೆ ಬಾಯಿ ಹಾಕ್ತಾನೆ.

ತುಂಬೆಗಿಡ:
ಬೆಕ್ಕಿನ ತಟ್ಟೆಯನ್ನು ಕಿಟಕಿ ಕಟ್ಟೆ ಮೇಲಿಡಿ. ನಾಯಿ ಊಟ ಒಂದೆರಡು ಬಾಯಿ ತಿಂದರೆ ಪ್ರಾಣವೇನೂ ಹೋಗಲ್ಲ, ಅದೇ ಊಟ ಆಗಬಾರದು ಅಷ್ಟೇ. ಟೌರಿನ್ ಅನ್ನೋ ಪೋಷಕಾಂಶ ನಾಯಿಯ ಮೈಯಲ್ಲೇ ತಯಾರಾಗುತ್ತೆ, ಬೆಕ್ಕಿಗೆ ಊಟದಿಂದಲೇ ಸಿಗಬೇಕು. ಕೊರತೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತೆ. ಮತ್ತೆ, ಮೂತ್ರ ಯಾವಾಗ ಮರುಪರೀಕ್ಷೆ ಮಾಡಬೇಕು ಅಂತ ಡಾಕ್ಟರ್ ಹತ್ತಿರ ಕೇಳಿಕೊಂಡಿರಾ? ಉಂಡೆ ದೊಡ್ಡದಾಯ್ತು ಅಂತ ಆ ಆಹಾರ ನೀವೇ ನಿಲ್ಲಿಸಬೇಡಿ.