ಸಹಾಯ ಬೇಕು: ‘ಓನ್ಲಿ’ (only) ಜೊತೆ ‘ಎನಿ’ (any) ಸರಿ, ‘ದ’ (the) ಜೊತೆ ಯಾಕೆ ತಪ್ಪು?

ಇಂಗ್ಲಿಷಿನ ‘ಎನಿ’ ವಿಷಯದಲ್ಲಿ ಸಿಕ್ಕಿಕೊಂಡಿದ್ದೀನಿ. ಭಾಷಾವಿಜ್ಞಾನಿ ಲಾಡುಸಾ ಅವರ 1979ರ ಸೂತ್ರದ ಪ್ರಕಾರ, ದೊಡ್ಡ ಗುಂಪಿಗೆ ಹೇಳಿದ್ದು ಅದರೊಳಗಿನ ಚಿಕ್ಕ ಗುಂಪಿಗೂ ನಿಲ್ಲೋ ಕಡೆ ‘ಎನಿ’ ಬರುತ್ತೆ. ‘ನೋಬಡಿ ಏಟ್ ಎನಿ ವೆಜಿಟಬಲ್ಸ್’ ಸರಿ: ಯಾರೂ ತರಕಾರಿ ತಿಂದಿಲ್ಲ ಅಂದ್ರೆ ಹುರುಳಿಕಾಯಿನೂ ತಿಂದಿಲ್ಲ.

ಆದ್ರೆ ‘ಓನ್ಲಿ ರವಿ ಏಟ್ ಎನಿ ವೆಜಿಟಬಲ್ಸ್’ ಕೂಡ ಸರಿ! ರವಿ ತಿಂದಿದ್ದು ಬರೀ ಬದನೆಕಾಯಿ ಇರಬಹುದು. ಹುರುಳಿಕಾಯಿ ಲೆಕ್ಕ ಅಲ್ಲೇ ಮುರೀತು. ‘ರವಿ ಹುರುಳಿಕಾಯಿ ತಿಂದಿದ್ದಾನೆ’ ಅಂತ ಮೊದಲೇ ಒಪ್ಪಿಕೊಂಡು ನೋಡೋ, ಭಾಷಾವಿಜ್ಞಾನಿ ಫಾನ್ ಫಿಂಟೆಲ್ (1999) ಅವರ ದಾರಿ ಹಿಡಿದೆ, ‘ಓನ್ಲಿ’ ಸರಿಹೋಯ್ತು.

ಅದೇ ಸಡಿಲಿಕೆ ಕೊಟ್ರೆ, ಅಂದ್ರೆ ಚಿಕ್ಕ ಗುಂಪಲ್ಲೂ ಅಂಥವನು ಒಬ್ಬನೇ ಇದ್ದಾನೆ ಅಂತ ಮೊದಲೇ ಒಪ್ಪಿಕೊಂಡ್ರೆ, ಏಕವಚನದ ‘ದ’ ಕೂಡ ಪಾಸಾಗಿಬಿಡುತ್ತೆ. ಆದ್ರೆ ‘ದ ಸ್ಟೂಡೆಂಟ್ ಹೂ ಹ್ಯಾಸ್ ಎನಿ ಬುಕ್ಸ್ ಈಸ್ ಹಿಯರ್’ ಅನ್ನೋದು ತಪ್ಪು. ‘ದ’ ವಿಷಯದಲ್ಲಿ ಚಿಕ್ಕ ಗುಂಪಿನಿಂದ ದೊಡ್ಡದಕ್ಕೂ ಲೆಕ್ಕ ನಿಲ್ಲುತ್ತೆ ಅನ್ನೋದೇ ಕಾರಣನಾ, ಇಲ್ಲಾ ಬೇರೆ ನಿಯಮ ಇದೆಯಾ?