ಪದಚರ್ಚೆ: ಏಜೆಂಟ್ ‘ಕೈಲಿ’ ಮಾಡಿಸಿದೆವೋ, ಏಜೆಂಟ್‌‘ನಲ್ಲಿ’ ಮಾಡಿದೆವೋ?

ಎಲ್ಲರಿಗೂ ನಮಸ್ಕಾರ.

“ಏಜೆಂಟರು ವಯಸ್ಸಲ್ಲಿ ನಮಗಿಂತ ಚಿಕ್ಕವರೇ ಇರಬಹುದು ಸಾರ್, ಆದ್ರೂ ‘ಪರಿಶೀಲಿಸುತ್ತದೆ’ ಅಂತ ಬರೀಬಾರ್ದು. ‘ಪರಿಶೀಲಿಸುತ್ತಾರೆ’ ಅಂತ ಮಾಡಿ.” ನನ್ನ ಕರಡಿನ ಮೇಲೆ ಪೆನ್ಸಿಲ್ ಗುರುತು ಹಾಕಿ ಹೀಗೆ ಹೇಳಿದವರು ನಮ್ಮ ತುಮಕೂರು ಶಾಖೆಯ ಹಿರಿಯರೊಬ್ಬರು. ಅವರು ತಿದ್ದಿದ ವಾಕ್ಯ ಇದು: ‘ಸಂಜೆ ಭಾವ್‌ಕಾಪಿ ಬಂದ ಕೂಡಲೇ ಏಜೆಂಟ್ ಅದನ್ನು ಇಳಿಸಿಕೊಂಡು ಪರಿಶೀಲಿಸುತ್ತದೆ.’

ನಾನು ಬರೆದದ್ದು ಎಐ ಏಜೆಂಟ್ ಬಗ್ಗೆ, ಅಂದರೆ ಒಂದು ತಂತ್ರಾಂಶದ ಬಗ್ಗೆ. ಅವರು ಓದಿಕೊಂಡದ್ದು ಊರೂರು ಸುತ್ತಿ ಗ್ರಾಹಕರನ್ನು ಕರೆತರುವ ಮನುಷ್ಯನ ಬಗ್ಗೆ. ಷೇರು ವ್ಯವಹಾರದಲ್ಲೇ ಆಯುಸ್ಸು ಕಳೆದವರಿಗೆ ಏಜೆಂಟ್ ಎಂದಾಗ ಆ ಮನುಷ್ಯನೇ ಕಣ್ಣಮುಂದೆ ಬರುತ್ತಾನೆ. ಅವರ ತಿದ್ದುಪಡಿಯಲ್ಲಿ ತಪ್ಪಿಲ್ಲ, ನನ್ನ ವಾಕ್ಯದಲ್ಲಿದೆ. ಅವತ್ತಿನಿಂದ ಆ ಪದ ನನ್ನನ್ನು ಬಿಟ್ಟಿಲ್ಲ. ನಿಮ್ಮೆಲ್ಲರ ಸಲಹೆ ಬೇಕು.

ಹಿನ್ನೆಲೆ ಹೇಳಿಬಿಡುತ್ತೇನೆ. ಮನೆ ತುಮಕೂರಿನಲ್ಲಿ, ಕೆಲಸ ಬೆಂಗಳೂರಿನ ಒಂದು ಷೇರು ದಲ್ಲಾಳಿ ಸಂಸ್ಥೆಯಲ್ಲಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಶಾಖೆಗಳಿಗೆ ಕನ್ನಡದಲ್ಲಿ ಕೆಲಸದ ಕೈಪಿಡಿ ಬರೆಯುವ ಹೊಣೆ ನನ್ನದು. ಮಧ್ಯಾಹ್ನ 3:30ಕ್ಕೆ ಪೇಟೆ ಮುಚ್ಚಿದ ಮೇಲೆ ನಮ್ಮಲ್ಲಿ ಇನ್ನೊಂದು ಪಾಳಿ ಶುರುವಾಗುತ್ತದೆ. ಎಕ್ಸ್‌ಚೇಂಜು ಹೊರಡಿಸುವ ದಿನದ ದರಪಟ್ಟಿ, ಅದೇ ಭಾವ್‌ಕಾಪಿ, ಇಳಿಸಿಕೊಳ್ಳಬೇಕು. ಒಂದೊಂದು ಷೇರಿನ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ದರಗಳನ್ನು ನಮ್ಮ ದಾಖಲೆಗೆ ಸೇರಿಸಬೇಕು. ಯಾವ ಕಂಪನಿ ಬೋನಸ್ ಷೇರು ಕೊಟ್ಟಿದೆ, ಯಾವುದು ಷೇರನ್ನು ಒಡೆದಿದೆ ಎಂದು ನೋಡಿ ಹಿಂದಿನ ದರಗಳನ್ನೂ ಸರಿಹೊಂದಿಸಬೇಕು. 10 ರೂಪಾಯಿ ಮುಖಬೆಲೆಯ ಒಂದು ಷೇರು 2 ರೂಪಾಯಿಯ ಐದು ಷೇರುಗಳಾದರೆ ಪೇಟೆಯ ದರ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಸರಿಹೊಂದಿಸದೆ ಬಿಟ್ಟರೆ ನಕ್ಷೆಯಲ್ಲಿ ಒಂದೇ ದಿನ ಶೇಕಡಾ 80 ಬಿದ್ದಂತೆ ಕಾಣುತ್ತದೆ. ಮರುದಿನ ಬೆಳಿಗ್ಗೆ ಗುಬ್ಬಿಯಿಂದಲೋ ಶಿರಾದಿಂದಲೋ ಯಾರೋ ಫೋನ್ ಮಾಡಿ, ನಡುಗುವ ದನಿಯಲ್ಲಿ “ನನ್ನ ದುಡ್ಡು ಹೋಯ್ತಾ?” ಎಂದು ಕೇಳುತ್ತಾರೆ.

ಸಂಶೋಧನಾ ತಂಡ, ಅಪಾಯ ನೋಡುವ ತಂಡ, ಬಟವಾಡೆ ನೋಡುವ ಬ್ಯಾಕ್ ಆಫೀಸ್, ಗ್ರಾಹಕರ ಕರೆ ತೆಗೆಯುವವರು, ಎಲ್ಲರಿಗೂ ಬೇಕಾದದ್ದು ಅವೇ ಅಂಕಿಗಳು. ಆದರೆ ಒಬ್ಬೊಬ್ಬರಿಗೆ ಒಂದೊಂದು ರೂಪದಲ್ಲಿ ಬೇಕು. ಮೊದಲು ಇದನ್ನೆಲ್ಲ ಸ್ಕ್ರಿಪ್ಟ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ಆದೇಶ ಬರೆದಿಟ್ಟ ಸಣ್ಣ ಪ್ರೋಗ್ರಾಂ, ಬರೆದು ಓಡಿಸುತ್ತಿದ್ದೆವು. 2024ರ ಜುಲೈನಲ್ಲಿ ಎಕ್ಸ್‌ಚೇಂಜುಗಳು ಭಾವ್‌ಕಾಪಿಯ ಹಳೆಯ ಮಾದರಿ ಬಿಟ್ಟು ಯುಡಿಫ್ ಎಂಬ ಹೊಸ ಮಾದರಿಗೆ ಬಂದಾಗ ಕಾಲಂಗಳ ಹೆಸರು, ಜಾಗ ಎರಡೂ ಬದಲಾದವು, ನಮ್ಮ ಸ್ಕ್ರಿಪ್ಟ್ ಅಲ್ಲೇ ನಿಂತುಹೋಯಿತು. ಸ್ಕ್ರಿಪ್ಟ್‌ಗೆ ಹೇಳಿಕೊಟ್ಟಷ್ಟೇ ಗೊತ್ತು. ಈಗ ತಂದಿರುವ ಏಜೆಂಟ್ ಹಾಗಲ್ಲ. ಅದರ ಒಳಗೆ ಮನುಷ್ಯರ ಮಾತನ್ನು ಓದಿ ಉತ್ತರಿಸಬಲ್ಲ ಒಂದು ಎಐ ಭಾಷಾ ಮಾದರಿ ಇದೆ, ಕೈಗೆ ಕೆಲವು ಸಾಧನಗಳನ್ನು ಕೊಟ್ಟಿರುತ್ತೇವೆ. ‘ಇವತ್ತಿನ ದರ ಸೇರಿಸು, ನಿನ್ನೆಯದರ ಜೊತೆ ತಾಳೆ ನೋಡು, ಅನುಮಾನ ಬಂದದ್ದನ್ನು ಎತ್ತಿ ತೋರಿಸು’ ಎಂದರೆ ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ ಎಂದು ಅದೇ ತೀರ್ಮಾನಿಸುತ್ತದೆ. ಕಾಲಂ ಹೆಸರು ಬದಲಾಗಿದ್ದರೆ ಅರ್ಥ ನೋಡಿ ಹೊಂದಿಸಿಕೊಳ್ಳಲು ಯತ್ನಿಸುತ್ತದೆ. ಕನ್ನಡದಲ್ಲಿ ಬರೆದ ಸೂಚನೆಯನ್ನೂ ಓದುತ್ತದೆ.

ಈ ಕೊನೆಯ ಮಾತೇ ನನಗೊಂದು ಪಾಠ ಕಲಿಸಿತು. ಸೂಚನೆಯಲ್ಲಿ ನಾನು ‘ಪ್ರತಿ ಷೇರಿನ ಕೊನೆಯ ದರ ತೆಗೆದುಕೊಳ್ಳಿ’ ಎಂದು ಬರೆದಿದ್ದೆ. ಮನಸ್ಸಿನಲ್ಲಿದ್ದದ್ದು ಮುಕ್ತಾಯ ದರ. ಮಾತಿನಲ್ಲಿ ಎರಡೂ ಒಂದೇ ಅನ್ನಿಸುತ್ತವೆ, ಭಾವ್‌ಕಾಪಿಯಲ್ಲಿ ಒಂದೇ ಅಲ್ಲ. ಕೊನೆಯ ದರ ಎಂದರೆ ದಿನದ ಕಟ್ಟಕಡೆಯ ಒಂದು ವ್ಯವಹಾರ ನಡೆದ ದರ. ಮುಕ್ತಾಯ ದರ ಎಂದು ಎಕ್ಸ್‌ಚೇಂಜು ಬಹುಕಾಲದಿಂದ ಲೆಕ್ಕ ಹಾಕುತ್ತ ಬಂದಿರುವುದು ಕೊನೆಯ ಅರ್ಧ ಗಂಟೆಯ ವ್ಯವಹಾರಗಳ ಸರಾಸರಿಯನ್ನು. ಹೆಚ್ಚು ಷೇರು ಕೈಬದಲಾದ ದರಕ್ಕೆ ಅದರಲ್ಲಿ ಹೆಚ್ಚು ತೂಕ. ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇದೆ. ಏಜೆಂಟ್ ನನ್ನ ಮಾತನ್ನು ಅಕ್ಷರಶಃ ನಂಬಿ ಕೊನೆಯ ದರದ ಕಾಲಂ ಎತ್ತಿಕೊಂಡಿತು. ಪೈಸೆಗಳ ವ್ಯತ್ಯಾಸ, ಕೆಲವು ಷೇರುಗಳಲ್ಲಿ ರೂಪಾಯಿಗಳ ವ್ಯತ್ಯಾಸ. ಮರುದಿನ ಬ್ಯಾಕ್ ಆಫೀಸಿನ ಲೆಕ್ಕ ತಾಳೆಯಾಗದೆ ಸಿಕ್ಕಿಬಿತ್ತು. ಅಂದಿನಿಂದ ನಮ್ಮ ಕೈಪಿಡಿಯಲ್ಲಿ ‘ಮುಕ್ತಾಯ ದರ’ ಒಂದು ಪದ, ‘ಕಡೆಯ ವ್ಯವಹಾರದ ದರ’ ಇನ್ನೊಂದು. ಇದರಲ್ಲಿ ಚರ್ಚೆಗೆ ಜಾಗವಿಲ್ಲ. ನೀವೂ ಈ ಕ್ಷೇತ್ರದಲ್ಲಿ ಬರೆಯುವವರಾದರೆ ಎರಡನ್ನೂ ಕಲಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಚರ್ಚೆ ಬೇಕಾದದ್ದು ಏಜೆಂಟ್ ಬಗ್ಗೆ. ಪದ ಹುಡುಕುವ ಮೊದಲು ಜನ ಅದರ ಬಗ್ಗೆ ಹೇಗೆ ಮಾತಾಡುತ್ತಾರೆ ಎಂದು ಒಂದು ತಿಂಗಳು ಕಿವಿಗೊಟ್ಟು ಕೇಳಿದೆ. ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಂಡೆ. ಅದರಲ್ಲಿ ಮೂರು ವಾಕ್ಯ:

“ಆ ಪಟ್ಟಿ ಎಕ್ಸೆಲ್‌ನಲ್ಲಿ ಮಾಡ್ದೆ.”
“ಸ್ಕ್ರಿಪ್ಟ್ ಓಡಿಸ್ದೆ, ಬಂತು.”
“ಏಜೆಂಟ್ ಕೈಲಿ ಮಾಡಿಸ್ದೆ.”

ಮೂರನೆಯದನ್ನು ಕೇಳಿದಾಗ ಮೈ ಜುಮ್ಮೆಂದಿತು. ನಮ್ಮ ಸೀಮೆಯ ಮಾತಿನಲ್ಲಿ ‘ಕೈಲಿ’ ಎಲ್ಲೆಂದರಲ್ಲಿ ಬರುವುದಿಲ್ಲ. ‘ಮಗನ ಕೈಲಿ ಪತ್ರ ಓದಿಸಿದೆ’ ಸರಿ. ‘ಚಾಕು ಕೈಲಿ ತರಕಾರಿ ಹೆಚ್ಚಿದೆ’ ಎಂದು ಯಾರೂ ಹೇಳುವುದಿಲ್ಲ, ಅದು ‘ಚಾಕೂಲಿ ಹೆಚ್ಚಿದೆ’. ಬರವಣಿಗೆಯ ಕನ್ನಡದಲ್ಲಿ ಈ ಭೇದ ಕಾಣುವುದಿಲ್ಲ: ‘ಚಾಕುವಿನಿಂದ ಕತ್ತರಿಸಿದನು’, ‘ಗುಮಾಸ್ತನಿಂದ ಬರೆಸಿದನು’. ಸಾಧನಕ್ಕೂ ‘ಇಂದ’, ಕೆಲಸ ಮಾಡಿದ ಮನುಷ್ಯನಿಗೂ ‘ಇಂದ’. ಗ್ರಂಥದ ಕನ್ನಡ ಒಂದೇ ಪ್ರತ್ಯಯದಲ್ಲಿ ಮುಚ್ಚಿಟ್ಟದ್ದನ್ನು ಆಡುಮಾತು ಬಿಡಿಸಿ ತೋರಿಸುತ್ತದೆ.

‘ಕೈಲಿ’ ಎನ್ನಲು ಕೈ ಇರಲೇಬೇಕು ಎಂದೂ ಇಲ್ಲ. ನಮ್ಮಪ್ಪ ಗಾಡಿಗೆ ಮೂಟೆ ಹೇರುವಾಗ “ಈ ಎತ್ತಿನ ಕೈಲಿ ಇಷ್ಟು ಎಳೆಯೋಕಾಗಲ್ಲ” ಎನ್ನುತ್ತಿದ್ದರು. ಅದೇ ಗಾಡಿಯ ಅಚ್ಚು ಮುರಿಯುವಂತಿದ್ದರೆ “ಈ ಅಚ್ಚು ತಡೆಯಲ್ಲ” ಎನ್ನುತ್ತಿದ್ದರೇ ಹೊರತು ‘ಅಚ್ಚಿನ ಕೈಲಿ ಆಗಲ್ಲ’ ಎಂದದ್ದು ನನಗೆ ನೆನಪಿಲ್ಲ. ಹಾಗಾದರೆ ಗೆರೆ ಬಿದ್ದಿರುವುದು ಮನುಷ್ಯ ಮತ್ತು ಉಳಿದದ್ದರ ನಡುವೆ ಅಲ್ಲ. ತಾನಾಗಿ ಹೆಜ್ಜೆ ಇಡಬಲ್ಲದ್ದು, ಇಡಲಾರದ್ದು ಇವುಗಳ ನಡುವೆ. ನಮ್ಮ ಕಚೇರಿಯ ಹುಡುಗರು ಯಾವ ವ್ಯಾಕರಣವನ್ನೂ ನೋಡದೆ ಏಜೆಂಟನ್ನು ಎತ್ತಿನ ಪಕ್ಕಕ್ಕೆ ತಂದು ನಿಲ್ಲಿಸಿದ್ದಾರೆ. ಆದರೆ ಕ್ರಿಯಾಪದದಲ್ಲಿ ಮಾತ್ರ ‘ಏಜೆಂಟ್ ಹೇಳ್ತು’, ‘ತೋರಿಸ್ತು’. ಒಬ್ಬರೂ ‘ಹೇಳ್ದ’ ಎನ್ನಲಿಲ್ಲ. ಕೆಲಸ ಮಾಡಿಸುವಾಗ ಜೀವವಿದ್ದಂತೆ, ಮಾತು ಹೇಳುವಾಗ ‘ಅದು’.

ಸಂಸ್ಕೃತ ವ್ಯಾಕರಣದಲ್ಲಿ ಇದಕ್ಕೊಂದು ಚೌಕಟ್ಟು ಇದೆ. ‘ಸ್ವತಂತ್ರಃ ಕರ್ತಾ’ ಎನ್ನುತ್ತಾನೆ ಪಾಣಿನಿ. ಕ್ರಿಯೆಯಲ್ಲಿ ಸ್ವತಂತ್ರವಾಗಿರುವುದೇ ಕರ್ತೃ. ಅದರ ಮರುಸೂತ್ರದಲ್ಲೇ ಆ ಕರ್ತೃವನ್ನು ಪ್ರೇರಿಸುವವನೂ ಕರ್ತೃವೇ ಎಂದು ಸೇರಿಸುತ್ತಾನೆ. ಮಾಡಿಸುವವನು ಪ್ರಯೋಜಕ, ಮಾಡುವವನು ಪ್ರಯೋಜ್ಯ, ಇಬ್ಬರೂ ಕರ್ತೃಗಳು. ಚಾಕು ಮಾತ್ರ ಕರಣ, ಅಂದರೆ ಸಾಧನ. ನಮ್ಮ ಪ್ರಶ್ನೆಯನ್ನು ಈ ಮಾತಿನಲ್ಲಿ ಹೇಳುವುದಾದರೆ: ಎಐ ಏಜೆಂಟ್ ಕರಣವೋ, ಪ್ರಯೋಜ್ಯ ಕರ್ತೃವೋ? ಆಡುಮಾತು ಎರಡನೆಯದು ಎನ್ನುತ್ತಿದೆ. ಕಾನೂನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಎಐ ಸಾಧನ ಯಾವುದೇ ಇರಲಿ, ಅದನ್ನು ಬಳಸುವ ಸಂಸ್ಥೆಯೇ ಅದರಿಂದ ಬಂದ ಫಲಿತಾಂಶಕ್ಕೆ ಹೊಣೆ ಎಂದು ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2025ರಲ್ಲಿ ನಿಯಮ ತಿದ್ದಿದೆ. ಅಂದರೆ ಹೊಣೆಯೆಲ್ಲ ಪ್ರಯೋಜಕನ ಹೆಗಲ ಮೇಲೆ. ನಾವು ಆರಿಸುವ ಪದ ಈ ಹೊಣೆಯನ್ನು ಮರೆಮಾಡಬಾರದು ಎಂಬುದೊಂದೇ ನನ್ನ ಹಟ.

ಈಗ ಪದಗಳು. ‘ದಲ್ಲಾಳಿ’, ‘ಮಧ್ಯವರ್ತಿ’ ಬೇಡ. ಇಬ್ಬರ ನಡುವೆ ನಿಂತು ಕಮಿಷನ್ ಪಡೆಯುವವರು ಅವರು, ಇದು ಯಾರ ನಡುವೆಯೂ ನಿಂತಿಲ್ಲ. ‘ಪ್ರತಿನಿಧಿ’ ಎಂದರೆ ನಮ್ಮ ಪರವಾಗಿ ಮಾತು ಕೊಡುವ ಅಧಿಕಾರ ಬಂದುಬಿಡುತ್ತದೆ. ‘ಕಾರಕ’ ಚೆನ್ನಾಗಿದೆ, ಆದರೆ ‘ರೋಗಕಾರಕ’ ಓದಿ ಬೆಳೆದವರಿಗೆ ಅದು ವೈರಾಣುವಿನ ನೆಂಟ.

ಏಜೆಂಟ್ ಎಂಬ ಅರ್ಥಕ್ಕೆ ಕನ್ನಡ ಹೊರಗಿನಿಂದ ಪದ ತಂದದ್ದು ಇದೇ ಮೊದಲಲ್ಲ ಎಂಬುದನ್ನು ನೆನೆಯಬೇಕು. ಅರಬಿಯ ‘ವಕೀಲ್’ ಎಂದರೆ ಇನ್ನೊಬ್ಬರ ಪರ ಕೆಲಸ ಮಾಡುವವನು. ನಮ್ಮಲ್ಲಿ ಕೋರ್ಟಿಗೆ ಅಂಟಿಕೊಂಡು ಲಾಯರ್ ಆದ. ಪಾರಸಿಯ ‘ಗುಮಾಷ್ತ’ ಎಂದರೆ ನೇಮಿಸಿ ಕಳಿಸಿದವನು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ನೇಕಾರರ ಬಳಿಗೆ ಹೋಗಿ ಮುಂಗಡ ಕೊಟ್ಟು ಬಟ್ಟೆ ವಸೂಲಿ ಮಾಡುತ್ತಿದ್ದ ಏಜೆಂಟನ ಹೆಸರೇ ಗುಮಾಸ್ತ. ಅವನೂ ಕಾಲಕ್ರಮೇಣ ಕುರ್ಚಿಯಲ್ಲಿ ಕೂತು ಬರೆಯುವವನಾದ. ಇಂಗ್ಲಿಷಿನ ಏಜೆಂಟ್ ಬಂದು ಎಲ್‌ಐಸಿ ಏಜೆಂಟ್, ಪೇಪರ್ ಏಜೆಂಟ್, ಮತಗಟ್ಟೆಯ ಏಜೆಂಟ್ ಆಯಿತು. ಸಾಮಾನ್ಯ ಅರ್ಥದ ಪದ ತರುತ್ತೇವೆ, ಅದು ಒಂದು ಉದ್ಯೋಗಕ್ಕೆ ಕಚ್ಚಿಕೊಳ್ಳುತ್ತದೆ, ಮತ್ತೆ ಹೊಸದು ಬೇಕಾಗುತ್ತದೆ.

ನನ್ನ ಮನಸ್ಸು ‘ಗುಮಾಸ್ತ’ನ ಕಡೆ ವಾಲುತ್ತದೆ, ಕಾರಣ ನನ್ನ ಬಾಲ್ಯದ್ದು. ಮಂಡಿಪೇಟೆಯಲ್ಲಿ ನಮ್ಮಪ್ಪನ ಹುಣಸೆಹಣ್ಣಿನ ಮಂಡಿ ಇತ್ತು. ರೈತನ ಹೆಸರು, ಮೂಟೆ ಎಷ್ಟು, ತೂಕ ಎಷ್ಟು, ಕೂಗಿದ ಧಾರಣೆ ಎಷ್ಟು, ಎಲ್ಲವನ್ನೂ ಗುಮಾಸ್ತರು ಬರೆಯುತ್ತಿದ್ದರು. ಯಾವ ಮೂಟೆ ಮೊದಲು ತೂಗಬೇಕು, ಯಾವ ತೂಕದಲ್ಲಿ ಅನುಮಾನವಿದೆ ಎಂದು ಅವರೇ ನೋಡುತ್ತಿದ್ದರು, ಅಪ್ಪನನ್ನು ಕೇಳುತ್ತಿರಲಿಲ್ಲ. ಆದರೆ ಸಂಜೆ ಲೆಕ್ಕದ ಪುಸ್ತಕದ ಕೆಳಗೆ ಸಹಿ ಅಪ್ಪನದು. ರೈತನಿಗೆ ಹತ್ತು ರೂಪಾಯಿ ಕಡಿಮೆ ಬಿದ್ದರೆ ಅವನು ಬಂದು ಜಗಳಾಡುತ್ತಿದ್ದದ್ದೂ ಅಪ್ಪನ ಜೊತೆಗೇ. ಏಜೆಂಟ್ ಎಂಬ ತಂತ್ರಾಂಶ ನಮ್ಮ ಕಚೇರಿಯಲ್ಲಿ ಇರಬೇಕಾದ ಸ್ಥಾನ ನನ್ನ ಪ್ರಕಾರ ಇದೇ.

(ಧಾರಣೆ ಎಂದೆ. ಭಾವ್‌ಕಾಪಿಯ ‘ಭಾವ್’ ಹಿಂದಿ, ಗುಜರಾತಿಗಳಲ್ಲಿ ದರ. ಕನ್ನಡದ ಕಣ್ಣಿಗೆ ಅದು ಮನಸ್ಸಿನ ಭಾವ, ಇಲ್ಲವೇ ಅಕ್ಕನ ಗಂಡ. ಅಡಿಕೆ, ಕೊಬ್ಬರಿಗೆ ಪತ್ರಿಕೆಗಳು ಇಂದಿಗೂ ‘ಧಾರಣೆ’ ಎಂದೇ ಅಚ್ಚುಹಾಕುತ್ತವೆ. ‘ದಿನದ ಧಾರಣೆಪಟ್ಟಿ’ ಎಂದು ಕೈಪಿಡಿಯಲ್ಲಿ ಒಮ್ಮೆ ಬರೆದು ನೋಡಿದೆ. ಶಾಖೆಯವರಿಗೆ ಅರ್ಥವಾಯಿತು, ಆದರೆ ಬಾಯಲ್ಲಿ ಭಾವ್‌ಕಾಪಿಯೇ ಉಳಿಯಿತು. ಅದನ್ನು ಹಾಗೇ ಬಿಟ್ಟಿದ್ದೇನೆ.)

‘ಕೈಯಾಳು’ ಎಂಬ ಸಲಹೆಯೂ ಬಂತು. ‘ಕೈಲಿ’ಗೆ ಎಷ್ಟು ಚೆನ್ನಾಗಿ ಕೂಡುತ್ತದೆ ಎಂದು ನಾನೂ ಹಿಗ್ಗಿದೆ. ವ್ಯಾಕರಣಕ್ಕೂ ಅನುಕೂಲ: ‘ಆಳು’ ಪದಕ್ಕೆ ಬಹುವಚನದಲ್ಲಿ ನಪುಂಸಕ ಪದಗಳಿಗೆ ಸೇರುವಂತೆ ‘ಗಳು’ ಸೇರುತ್ತದೆ, ‘ಕೈಯಾಳು ತೋರಿಸಿತು’ ಎಂದರೂ ಕಿವಿಗೆ ಒತ್ತುವುದಿಲ್ಲ. ಆದರೆ ಪಾವಗಡದ ಕಡೆಯ ಕಿರಿಯ ಸಹೋದ್ಯೋಗಿಯೊಬ್ಬ ಬೇಡ ಎಂದ. ಅವನ ತಾತನನ್ನು ಊರಿನಲ್ಲಿ ಹೆಸರು ಹಿಡಿದು ಕರೆದವರೇ ಇರಲಿಲ್ಲವಂತೆ, ‘ಇಂಥವರ ಮನೆ ಆಳು’ ಎಂದೇ ಕರೆಯುತ್ತಿದ್ದರಂತೆ. ಜೀತ ರದ್ದಾಗುವ ಕಾನೂನು ಬಂದದ್ದು 1976ರಲ್ಲಿ. ಆ ಪದ ಕೇಳಿ ನೋಯುವವರು ನಮ್ಮ ನಡುವೆ ಇರುವಾಗ ಅದನ್ನು ಕಂಪ್ಯೂಟರಿಗೆ ಹೊಸದಾಗಿ ತೊಡಿಸಿ ಎಲ್ಲರ ಬಾಯಲ್ಲಿ ಆಡಿಸುವುದು ನನ್ನಿಂದಾಗದು. ಆ ಸಲಹೆಯನ್ನು ಅಲ್ಲಿಗೇ ಕೈಬಿಟ್ಟೆ.

ಗುಮಾಸ್ತನಲ್ಲೂ ಒಂದು ತೊಡಕಿದೆ. ಆ ಪದ ಪುಲ್ಲಿಂಗ. ‘ಗುಮಾಸ್ತನ ಕೈಲಿ’ ಎಂದು ಶುರುಮಾಡಿದರೆ ಮುಂದಿನ ವಾಕ್ಯದಲ್ಲಿ ‘ಅವನು ತೋರಿಸಿದ’ ಬರಬೇಕು, ನಾವು ಹೇಳುವುದು ‘ಅದು ತೋರಿಸಿತು’. ಹಿರಿಯರು ನನ್ನ ಕರಡಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೂ ಇದೇ ಜಾಗದಲ್ಲಿ.

ನಿಮ್ಮಲ್ಲಿ ಕೇಳುವುದು ಇಷ್ಟು. ನಿಮ್ಮ ಕಡೆ ಎಐ ಬಗ್ಗೆ ‘ಕೈಲಿ ಮಾಡಿಸಿದೆ’ ಎನ್ನುತ್ತಾರೆಯೇ? ಧಾರವಾಡದ ಕಡೆ ‘ಅವನ ಕಡೆಯಿಂದ ಮಾಡಿಸಿದೆ’, ಕರಾವಳಿಯಲ್ಲಿ ‘ಅವನ ಹತ್ರ ಮಾಡಿಸಿದೆ’ ಎಂಬ ಬಳಕೆ ಇದೆ; ಅವು ಯಂತ್ರಕ್ಕೂ ಹಬ್ಬಿವೆಯೇ? ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮನೆಮಾತು ತೆಲುಗು ಆಗಿರುವವರು ಮನುಷ್ಯನಿಗೆ ‘ಚೇತ ಚೇಯಿಂಚಾನು’ ಎನ್ನುವುದನ್ನು ಏಜೆಂಟಿಗೂ ಹೇಳುತ್ತೀರಾ? ಊರಿನ ಹೆಸರು ಸೇರಿಸಿ, ಕೇಳಿದ ಹಾಗೇ ಬರೆದು ಕಳಿಸಿ, ತಿದ್ದಬೇಡಿ.

ಕೈಪಿಡಿಯಲ್ಲಿ ಆ ವಾಕ್ಯ ಸದ್ಯಕ್ಕೆ ಹೀಗಿದೆ: ‘ಭಾವ್‌ಕಾಪಿ ಬಂದ ಮೇಲೆ ಎಐ ಗುಮಾಸ್ತನ ಕೈಲಿ ತಾಳೆ ನೋಡಿಸಿ; ಅದು ಎತ್ತಿ ತೋರಿಸಿದ ದರಗಳನ್ನು ನೀವೇ ಓದಿ ಸಹಿ ಮಾಡಿ.’ ಇದರಲ್ಲಿ ‘ಗುಮಾಸ್ತನ’ ಮತ್ತು ‘ಅದು’ ಒಟ್ಟಿಗೆ ಬಾಳಬಲ್ಲವೇ?