ಸೀರಿಯಲ್ ನೋಡೋರ ಮೇಲೊಂದು ರೀಲ್: ಗುಬ್ಬಿ ಮನೆ ಗ್ರೂಪಲ್ಲಿ ನಡೆದ ಮಾತು

ಮಧುಗಿರಿ ಅಣ್ಣ: (ವಿಡಿಯೋ) ಎಲ್ಲರೂ ನೋಡ್ರಪ್ಪ. ನಾಯಕಿ ಒಂದು ಸಲ ತಿರುಗಿದ್ದಕ್ಕೆ ಮೂರು ಸಲ ಗುಡುಗು. ಅದನ್ನ ನೋಡ್ತಾ ಸೋಫಾ ಮೇಲೆ ಬಾಯಿ ಬಿಟ್ಕೊಂಡು ಕೂತಿರೋ ಹೆಂಗಸಂತೂ ನಮ್ಮನೆಯವರ ಥರಾನೇ ಇದ್ದಾರೆ.

ತಿಪಟೂರು ಮಾವ: ಸರಿಯಾಗೇ ಮಾಡಿದ್ದಾನೆ. ಅರ್ಧ ಗಂಟೇಲಿ ಕಥೆ ಒಂದು ಹೆಜ್ಜೆ ಮುಂದಕ್ಕೆ ಹೋಗಲ್ಲ. ವರ್ಷಗಟ್ಟಲೆ ನೋಡೋರಿಗೆ ಬೇಜಾರೇ ಆಗಲ್ವಾ?

ಶಿರಾ ಚಿಕ್ಕಮ್ಮ: ಅಣ್ಣಾ, ಆ ಹೊತ್ತಲ್ಲಿ ನಾನು ಸೋಫಾ ಮೇಲೆ ಕೂತಿರಲ್ಲ, ಒಲೆ ಮುಂದೆ ಇರ್ತೀನಿ. ಎಸರಿಗೆ ಹಿಟ್ಟು ಹಾಕಿದ ಮೇಲೆ ಕೋಲು ಬಿಟ್ಟು ಬರೋಕಾಗತ್ತಾ? ಗಂಟಾಗತ್ತೆ. ಟಿವಿ ಹಾಲಲ್ಲಿ, ನಂಗೆ ಕೇಳ್ಸೋದು ಬರೀ ಮಾತು. ಆ ಗುಡುಗು ಬಂದ್ರೆ ಏನೋ ಆಯ್ತು ಅಂತ ಬಾಗಿಲ ತನಕ ಬರ್ತೀನಿ. ಮುಖ ಮೂರು ಸಲ ತೋರ್ಸೋದ್ರಿಂದ್ಲೇ ನಂಗೆ ಒಂದು ಸಲ ಸಿಗೋದು.

ನಾನು: ಮಾವ, ಚಿಕ್ಕಮ್ಮ ಹೇಳಿದ್ದನ್ನ ದಯವಿಟ್ಟು ಇನ್ನೊಂದು ಸಲ ಓದಿ. ಕೆಲಸ ಮಾಡ್ತಾ ಕಿವೀಲೇ ನೋಡೋರು ಎಷ್ಟು ಮನೇಲಿಲ್ಲ? ನಿನ್ನೆ ಆಗಿದ್ದನ್ನ ಪಾತ್ರಗಳು ಇವತ್ತೂ ಬಿಡಿಸಿ ಹೇಳೋದು ಅವರಿಗೋಸ್ಕರಾನೇ. ಥಿಯೇಟರ್ ಕತ್ತಲಲ್ಲಿ ಕೂತು ನೋಡೋರ ಲೆಕ್ಕ ಇದಕ್ಕೆ ಹಾಕ್ಬೇಡಿ.

ತಿಪಟೂರು ಮಾವ: 1998ರಲ್ಲಿ ಚಂದನದಲ್ಲಿ ಟಿ.ಎನ್. ಸೀತಾರಾಂ ಅವರ ಮಾಯಾಮೃಗ ಬಂತು. ಆಗ್ಲೂ ಒಲೆ ಇತ್ತು, ಮುದ್ದೆ ಇತ್ತು. ಮಾತಿನ ಬಲದಲ್ಲೇ ಜನಾನ ಹಿಡಿದು ಕೂರ್ಸಿದ್ರು. ಈಗ ಗುರುವಾರ ಗುರುವಾರ ಟಿಆರ್‌ಪಿ ಬರತ್ತೆ, ಅದು ಇಳಿದ್ರೆ ಕಥೆ ದಿಕ್ಕೇ ಬದಲಾಗತ್ತೆ.

ನಾನು: ಟಿಆರ್‌ಪಿ ಅಂದ್ರೆ ಟಿವಿ ನೋಡೋರ ಲೆಕ್ಕ ಹಾಕೋ ಬಾರ್ಕ್ ಸಂಸ್ಥೆಯವರು ಮೀಟರ್ ಇಟ್ಟಿರೋ ಆಯ್ದ ಮನೆಗಳ ಲೆಕ್ಕ. ಯಾವ ಚಾನೆಲ್ ಎಷ್ಟು ಹೊತ್ತು ಓಡ್ತು ಅಂತ ಗೊತ್ತಾಗತ್ತೆ. ಮೆಚ್ಕೊಂಡು ನೋಡಿದ್ರಾ, ಬಯ್ಕೊಂಡು ನೋಡಿದ್ರಾ ಅನ್ನೋದು ಅದರಲ್ಲಿ ಬರಲ್ಲ.

ಶಿರಾ ಚಿಕ್ಕಮ್ಮ: ಬಯ್ಯೋದೇ ಜಾಸ್ತಿ. ಮೊನ್ನೆ ಒಂದ್ರಲ್ಲಿ, ಕೈ ಎತ್ತಿದ ಗಂಡನ ಕಾಲಿಗೇ ಅವಳನ್ನ ಬೀಳ್ಸಿದ್ರು. ಅವತ್ತೇ ಬಿಟ್ಟೆ. ಮಾರನೇ ದಿನ ನಲ್ಲಿ ಹತ್ರ ಅದೇ ಮಾತು. ಅಮ್ಮನ ಮನೆಗೆ ಹೋಗ್ಬೇಕಿತ್ತು ಅಂತ ಒಬ್ರು, ಹೋಗಿ ಎಷ್ಟು ದಿನ ಇರೋಕಾಗತ್ತೆ ಅಂತ ಇನ್ನೊಬ್ರು. ಪಕ್ಕದ ಮನೆ ಸೊಸೆ ಬಿಂದಿಗೆ ತುಂಬಿದ್ರೂ ಹೋಗ್ದೆ ಕೇಳಿಸ್ಕೊಳ್ತಾ ನಿಂತಿದ್ಲು. ಅವಳ ಮನೆ ವಿಷ್ಯ ನಾವು ನೇರವಾಗಿ ಎತ್ತೋಕಾಗಲ್ಲ ಅಣ್ಣ. ಸೀರಿಯಲ್ ಹೆಸ್ರಲ್ಲಿ ಎತ್ತಿದ್ವಿ.

ಗುಬ್ಬಿ ದೊಡ್ಡಪ್ಪ: ನಂದೂ ಒಂದು ಮಾತು. ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟಿದ್ರೆ ಬೆಳಗಿನ ಜಾವದ ತನಕ. ದುರ್ಯೋಧನ ಸಾಯ್ತಾನೆ ಅಂತ ಮಕ್ಕಳಿಗೂ ಗೊತ್ತು. ಆದ್ರೂ ಕೃಷ್ಣನ ಕಂದ ಪದ್ಯ ಚೆನ್ನಾಗಿ ಬಂದ್ರೆ ಒನ್ಸ್ ಮೋರ್ ಕೂಗ್ತಾರೆ, ಪಾತ್ರಧಾರಿ ಮತ್ತೆ ಹಾಡ್ತಾನೆ, ಕಥೆ ಅಲ್ಲೇ ನಿಲ್ಲತ್ತೆ. ಎದೆಗೆ ನೋಟು ಚುಚ್ಚೋರೂ ಇದ್ದಾರೆ. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರು ನಮ್ಮದು, ವೀರಣ್ಣನವರು ಅದನ್ನ ಎಲ್ಲಿಗೋ ಬೆಳೆಸಿದ್ರು. ಕಥೆ ಮುಂದೆ ಹೋಗಲ್ಲ ಅನ್ನೋದು ಒಂದು ದೂರಾ?

ತಿಪಟೂರು ಮಾವ: ಭಾವ, ಅಲ್ಲಿ ಒನ್ಸ್ ಮೋರ್ ಅನ್ನೋದು ಜನ. ಇಲ್ಲಿ ಯಾರೂ ಕೇಳ್ದೇನೇ ಮೂರು ಸಲ ತೋರಿಸ್ತಾರೆ. ಬರೆಯೋರ ಸೋಮಾರಿತನಕ್ಕೆ ನಮ್ಮ ತಂಗಿ ಒಲೆ ನೆಪ ಆಗ್ಬಾರ್ದು.

ನಾನು: ಇದು ಒಪ್ಪೋ ಮಾತು ಮಾವ. ಬರೆಯೋರಿಗೆ, ಚಾನೆಲ್‌ನೋರಿಗೆ ಎಷ್ಟು ಬೇಕಾದ್ರೂ ಹೇಳಿ, ನಾನೂ ದನಿಗೂಡಿಸ್ತೀನಿ. ಆದ್ರೆ ಅಣ್ಣ ಹಾಕಿರೋ ರೀಲ್ ಆಡ್ಕೊಳ್ತಿರೋದು ಅವರನ್ನಲ್ಲ, ಮನೆ ಕೆಲಸದ ಮಧ್ಯೆ ಕಥೆ ಹಿಡ್ಕೊಂಡಿರೋ ಹೆಂಗಸನ್ನ. ಅಣ್ಣ, ಅದನ್ನ ಇಲ್ಲಿಂದ ತೆಗಿ.

ಮಧುಗಿರಿ ಅಣ್ಣ: ತೆಗ್ದೆ ಕಣಮ್ಮ. ಚಿಕ್ಕಮ್ಮ, ಆ ಸೀರಿಯಲ್‌ನವಳು ಕೊನೆಗೆ ಅಮ್ಮನ ಮನೆಗೆ ಹೋದ್ಲಾ?

ಶಿರಾ ಚಿಕ್ಕಮ್ಮ: ಇನ್ನೂ ಇಲ್ವಂತೆ. ಎದುರು ಮನೆಯವ್ರು ಬಿಟ್ಟಿಲ್ಲ, ಅವ್ರೇ ದಿನಾ ಬಂದು ಹೇಳ್ತಾರೆ.